ತುಂಬಿದ್ದೇನು, ಎಷ್ಟು? ಸಾಂದ್ರತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ಪ್ರೌಢಶಾಲೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ತೇಲುವುದು, ಮುಳುಗುವುದರ ಪಾಠ ಬಂದ ವಾರ ಮಕ್ಕಳು ತರುವ ಪ್ರಶ್ನೆಗಳೇ ಬೇರೆ, ಪಾಠದ ಕೊನೆಯಲ್ಲಿ ಅಚ್ಚಾದ ಪ್ರಶ್ನೆಗಳೇ ಬೇರೆ. ಒಬ್ಬಳ ಮನೆಯಲ್ಲಿ ಎಮ್ಮೆ ಇವೆ, ಒಬ್ಬನ ಅಪ್ಪ ಗೌಂಡಿ ಕೆಲಸ ಮಾಡುತ್ತಾರೆ, ಇನ್ನೊಬ್ಬನ ಕಾಕಾ ಪೆಟ್ರೋಲ್ ಪಂಪಿನಲ್ಲಿದ್ದಾರೆ. ಪ್ರಶ್ನೆ ಹುಟ್ಟುವುದು ಅಲ್ಲಿ. ಪಾಲಕರ ಸಭೆಗೆ ಬಂದವರೂ ಕೇಳುತ್ತಾರೆ. ಹೆಚ್ಚು ಸಲ ಕೇಳಿಬಂದದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸೂತ್ರ ಬಾಯಿಪಾಠ ಇದ್ದವರೂ ಒಂದು ಮಾತು ಮರೆಯುತ್ತಾರೆ: ಸಾಂದ್ರತೆ ಎಷ್ಟು ಎಂದು ಕೇಳುವ ಮೊದಲು ಯಾವುದರ ಸಾಂದ್ರತೆ ಎಂದು ಕೇಳಿಕೊಳ್ಳಬೇಕು. ಕೆಳಗಿನ ಗೊಂದಲಗಳಲ್ಲಿ ಅರ್ಧಕ್ಕರ್ಧ ಅಲ್ಲಿಯೇ ಹುಟ್ಟಿದವು.

ಸಾಂದ್ರತೆ ಅಂದರೆ ಏನು?

ಇಷ್ಟು ಜಾಗದಲ್ಲಿ ಎಷ್ಟು ದ್ರವ್ಯ ಹಿಡಿಸಿದೆ ಎಂಬ ಲೆಕ್ಕ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಿಗುತ್ತದೆ.

ಒಂದು ಘನ ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಸಣ್ಣ ದಾಳದಷ್ಟು ಜಾಗ. ಅಷ್ಟು ಜಾಗದಲ್ಲಿ ನೀರು ತುಂಬಿದರೆ 1 ಗ್ರಾಂ. ಅಲ್ಯೂಮಿನಿಯಂ ಆದರೆ 2.7 ಗ್ರಾಂ, ಕಬ್ಬಿಣ 7.9, ತಾಮ್ರ ಸುಮಾರು 9, ಬೆಳ್ಳಿ 10.5, ಸೀಸ 11.3, ಪಾದರಸ 13.6, ಚಿನ್ನ 19.3. ಸಣ್ಣ ಮೊಳೆಗೂ ಮನೆ ತೊಲೆಗೆ ಹಾಕುವ ಕಬ್ಬಿಣದ ಗರ್ಡರಿಗೂ ಈ ಅಂಕಿ ಒಂದೇ. ತುಂಡು ಮಾಡಿದರೆ ತೂಕ ಇಳಿಯುತ್ತದೆ, ಗಾತ್ರವೂ ಅಷ್ಟೇ ಪಾಲು ಇಳಿಯುತ್ತದೆ, ಭಾಗಾಕಾರ ಕದಲುವುದಿಲ್ಲ. ಆದ್ದರಿಂದಲೇ ಇದನ್ನು ವಸ್ತುವಿನ ಗುರುತು ಎನ್ನುವುದು. ತೂಕ ನೋಡಿ ಇದು ಇಂಥದೇ ಲೋಹ ಎಂದು ಹೇಳಲಾಗದು, ಸಾಂದ್ರತೆ ನೋಡಿ ಬಹುಮಟ್ಟಿಗೆ ಹೇಳಬಹುದು.

ಜನಸಾಂದ್ರತೆ, ಸಾಂದ್ರ ಆಮ್ಲ, ಸಾಂದ್ರತೆ: ಮೂರೂ ಒಂದೇ ಅರ್ಥವೇ?

ಅಲ್ಲ. ಒಂದೇ ಪದವನ್ನು ಮೂರು ಕಡೆ ಬಳಸುವುದರಿಂದ ಮಕ್ಕಳು ಎಡವುತ್ತಾರೆ, ತಪ್ಪು ಅವರದಲ್ಲ. ಜನಸಾಂದ್ರತೆ ಅಂದರೆ ಒಂದು ಚದರ ಕಿಲೋಮೀಟರಿಗೆ ಎಷ್ಟು ಮಂದಿ ಎಂಬುದು. ಅಲ್ಲಿ ಗಾತ್ರವಿಲ್ಲ, ನೆಲದ ವಿಸ್ತಾರವಿದೆ. ಸಾಂದ್ರ ಆಮ್ಲ ಅಂದರೆ ನೀರು ಕಡಿಮೆ ಬೆರೆತ ಆಮ್ಲ. ಅದು ದ್ರಾವಣದ ಸಾರತೆಯ ಮಾತು. ನಾವು ಇಲ್ಲಿ ಮಾತಾಡುವುದು ದ್ರವ್ಯರಾಶಿ ಮತ್ತು ಗಾತ್ರದ ಸಂಬಂಧದ ಬಗ್ಗೆ ಮಾತ್ರ. ಗಾತ್ರ ಎಂಬ ಪದಕ್ಕೂ ಇದೇ ಪಾಡು. ಮನೆಯಲ್ಲಿ ‘ಗಾತ್ರದ ಆಳು’ ಅಂದರೆ ದಪ್ಪ ಮನುಷ್ಯ, ಪಾಠದಲ್ಲಿ ಗಾತ್ರ ಅಂದರೆ ವಸ್ತು ಆಕ್ರಮಿಸುವ ಜಾಗ.

ಸರ, ಒಂದು ಕಿಲೋ ಅರಳೆ (ಕಾಳು ತೆಗೆದ ಹತ್ತಿ) ಭಾರೋ, ಒಂದು ಕಿಲೋ ಕಬ್ಬಿಣ ಭಾರೋ?

ಎರಡೂ ಒಂದೊಂದು ಕಿಲೋ. ಆದರೆ ಇದನ್ನು ಒಗಟಿನ ಹಾಗೆ ಕೇಳಿ ಅಲ್ಲಿಗೇ ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಅದರ ಹಿಂದೆ ಇನ್ನೂ ಒಳ್ಳೆಯ ಪ್ರಶ್ನೆಯೊಂದು ನಿಂತಿದೆ: ಹತ್ತಿ ನಿಜವಾಗಿಯೂ ಹಗುರವೇ?

ಹತ್ತಿಯ ಎಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.5 ಗ್ರಾಂ. ಅಂದರೆ ನೀರಿಗಿಂತ ಒಂದೂವರೆ ಪಟ್ಟು. ನಂಬಿಕೆ ಬರದಿದ್ದರೆ ಎರಡು ಗಾಜಿನ ಲೋಟಗಳಲ್ಲಿ ನೀರು ತೆಗೆದುಕೊಳ್ಳಿ. ಒಂದರ ಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ ಹತ್ತಿಯ ಒಂದು ಉಂಡೆಯನ್ನು ಮೆಲ್ಲಗೆ ಬಿಡಿ. ಇನ್ನೊಂದರ ಮೇಲೆ ಹೊಲದಿಂದ ಬಿಡಿಸಿ ತಂದು, ಕಾಳು ತೆಗೆದ ಅರಳೆಯ ಉಂಡೆ ಬಿಡಿ. ಔಷಧಿ ಹತ್ತಿ ಅಂಚಿನಿಂದ ಕಪ್ಪಾಗುತ್ತ ಬಂದು, ಹತ್ತು ಎಣಿಸುವುದರೊಳಗೆ ನೀರೊಳಗೆ ಇಳಿಯುತ್ತದೆ. ಹೊಲದ ಅರಳೆ ಮಾತ್ರ ಮೇಲೆಯೇ ಕೂತಿರುತ್ತದೆ, ಮಧ್ಯಾಹ್ನದ ಊಟ ಮುಗಿಸಿ ಬಂದರೂ ಕೂತಿರುತ್ತದೆ. ಎರಡೂ ಅದೇ ಎಳೆ. ಅರಳೆಯ ಎಳೆಯ ಮೇಲೆ ಹುಟ್ಟಿನಿಂದಲೇ ಒಂದು ತೆಳು ಮೇಣವಿದೆ, ಅದು ನೀರನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಎಳೆಗಳ ನಡುವಿನ ಗಾಳಿ ಅಲ್ಲಿಯೇ ಉಳಿಯುತ್ತದೆ. ಔಷಧಿ ಹತ್ತಿಯ ಮೇಣವನ್ನು ಕ್ಷಾರದಲ್ಲಿ ಕುದಿಸಿ ತೆಗೆದಿರುತ್ತಾರೆ. ನೀರು ನುಗ್ಗಿ ಗಾಳಿ ಹೊರಗೆ ಹೋಗುತ್ತದೆ. ತೇಲಿದ್ದು ಹತ್ತಿಯಲ್ಲ, ಹತ್ತಿ ಹಿಡಿದಿಟ್ಟುಕೊಂಡ ಗಾಳಿ.

ಇದರಿಂದ ಎರಡು ಸಾಂದ್ರತೆಗಳು ಬೇರೆ ಬೇರೆ ಎಂದು ತಿಳಿಯುತ್ತದೆ. ಒಂದು, ಎಳೆಯ ಸ್ವಂತ ಸಾಂದ್ರತೆ. ಇನ್ನೊಂದು, ಎಳೆ ಮತ್ತು ಗಾಳಿ ಕೂಡಿದ ಇಡೀ ರಾಶಿಯ ಸಾಂದ್ರತೆ. ಹುಬ್ಬಳ್ಳಿ ಪೇಟೆಗೆ ಹತ್ತಿ ತಂದ ರೈತರಿಗೆ ಎರಡನೆಯದು ಚೆನ್ನಾಗಿ ಗೊತ್ತು: ಗಾಡಿ ಬೆಟ್ಟದ ಹಾಗೆ ಕಾಣುತ್ತದೆ, ತೂಕಕ್ಕೆ ಹಾಕಿದರೆ ಅಷ್ಟಿರುವುದಿಲ್ಲ. ಜಿನ್ನಿಂಗ್ ಫ್ಯಾಕ್ಟರಿಯ ಪ್ರೆಸ್ಸು ಅದೇ ಅರಳೆಯನ್ನು ಒತ್ತಿ ಗಾಳಿ ಹೊರಹಾಕಿ 170 ಕಿಲೋದ ಬೇಲು ಕಟ್ಟುತ್ತದೆ. ಎಳೆಯ ಸಾಂದ್ರತೆ ಒಂದಿಷ್ಟೂ ಬದಲಾಗಿರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಚೀಲವೂ ಹೀಗೆಯೇ, ಸುಕ್ಕುಗಟ್ಟಿದ ಒಣ ಕಾಯಿಯೊಳಗೆಲ್ಲ ಗಾಳಿ. ಲಾರಿಯ ಜಾಗ ಮೊದಲು ತುಂಬುತ್ತದೆ, ತೂಕದ ಮಿತಿ ಆಮೇಲೆ. ಗಿರ್ಮಿಟ್ಟಿಗೆ ತರುವ ಚುರುಮುರಿಯನ್ನೂ ಅಕ್ಕಿಯನ್ನೂ ಒಂದೇ ಸೇರಿನಲ್ಲಿ ಅಳೆದು ಎರಡು ಕೈಯಲ್ಲಿ ಹಿಡಿದು ನೋಡಿ, ಮತ್ತೇನೂ ವಿವರಿಸಬೇಕಾಗಿಲ್ಲ.

ಮಣ್ಣಿಗೂ ಹೀಗೆ ಎರಡು ಸಾಂದ್ರತೆ ಇವೆಯೇ?

ಇವೆ. ಮಣ್ಣಿನ ಕಣಗಳದು ಸುಮಾರು 2.65. ಆದರೆ ಹದವಾದ ಹೊಲದ ಮಣ್ಣನ್ನು ಇದ್ದ ಹಾಗೆಯೇ ಅಳೆದು, ಒಣಗಿಸಿ ತೂಗಿದರೆ 1.3ರ ಆಸುಪಾಸು ಬರುತ್ತದೆ, ಏಕೆಂದರೆ ಅರ್ಧ ಜಾಗ ಗಾಳಿ ಮತ್ತು ನೀರಿನದು. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಈ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಮಳೆಯಲ್ಲಿ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ, ಬಿರುಕುಗಳ ನಡುವಿನ ಹೆಂಟೆ ಗಟ್ಟಿಯಾಗಿ ಸಾಂದ್ರತೆ ಏರಿರುತ್ತದೆ. ಹಸಿ ಇರುವಾಗ ಟ್ರ್ಯಾಕ್ಟರ್ ಓಡಿಸಿದರೂ ಏರುತ್ತದೆ. ಏರಿದಷ್ಟೂ ಬೇರಿಗೆ ದಾರಿ ಇಲ್ಲ.

ಗಟ್ಟಿ ಇದ್ದದ್ದು ಹೆಚ್ಚು ಸಾಂದ್ರ ಇರುತ್ತದಲ್ಲವೇ?

ಇಲ್ಲ. ಗಟ್ಟಿತನವೇ ಬೇರೆ. ಗದಗ ಹತ್ತಿರದ ಲಕ್ಕುಂಡಿಗೆ ಹೋದವರು ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆ ನೋಡಿರುತ್ತೀರಿ, ಕಟ್ಟಿಗೆಯಲ್ಲಿ ಕೊರೆದ ಹಾಗಿದೆ. ಅದು ಬಳಪದ ಜಾತಿಯ ಮೆತ್ತನೆಯ ಕಲ್ಲು. ಗ್ರಾನೈಟಿನಲ್ಲಿ ಅಷ್ಟು ಸೂಕ್ಷ್ಮವಾಗಿ ಉಳಿ ಆಡಿಸುವುದು ಬಹಳ ಕಷ್ಟ. ಹಾಗಂತ ಬಳಪದ ಕಲ್ಲು ಹಗುರವೇನಲ್ಲ. ಗ್ರಾನೈಟಿನ ಸಾಂದ್ರತೆ ಸುಮಾರು 2.65 ಆದರೆ ಇದರದು ಅದಕ್ಕೆ ಸಮ, ಹಲವು ಸಲ ತುಸು ಹೆಚ್ಚೇ. ಸೀಸವನ್ನು ಉಗುರಿನಲ್ಲಿ ಗೀರಬಹುದು, ಸಾಂದ್ರತೆ 11.3. ವಜ್ರವನ್ನು ಗೀರಲು ಮತ್ತೊಂದು ವಜ್ರವೇ ಬೇಕು, ಸಾಂದ್ರತೆ 3.5 ಮಾತ್ರ.

ಹರಳೆಣ್ಣೆ ಅಷ್ಟು ಮಂದ ಇದೆ, ಆದರೂ ನೀರಿನ ಮೇಲೆ ಯಾಕೆ ತೇಲುತ್ತದೆ?

ಮಂದವಾಗಿ ಹರಿಯುವುದಕ್ಕೆ ಕಾರಣ ಸ್ನಿಗ್ಧತೆ, ಪದರಗಳು ಒಂದರ ಮೇಲೊಂದು ಜಾರುವಾಗಿನ ತಡೆ. ಹರಳೆಣ್ಣೆಯ ಸಾಂದ್ರತೆ 0.96, ನೀರಿಗಿಂತ ಕಡಿಮೆ. ಜೇನುತುಪ್ಪವೂ ಮಂದವೇ, ಅದರದು 1.4, ಆದ್ದರಿಂದ ತಳಕ್ಕೆ ಹೋಗುತ್ತದೆ.

ಎಣ್ಣೆಯನ್ನು ಲೀಟರಿನಲ್ಲಿ ಕೊಳ್ಳಬೇಕೋ, ಕಿಲೋದಲ್ಲೋ?

ಹೇಗಾದರೂ ಕೊಳ್ಳಿ, ಎರಡರ ದರವನ್ನು ಮಾತ್ರ ಕಣ್ಣು ಮುಚ್ಚಿ ಹೋಲಿಸಬೇಡಿ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಎರಡರ ಸಾಂದ್ರತೆಯೂ 0.91-0.92. ಒಂದು ಲೀಟರ್ ಪ್ಯಾಕೆಟ್ಟಿನ ಮೇಲೆ 910 ಗ್ರಾಂ ಎಂದು ಸಣ್ಣಕ್ಷರದಲ್ಲಿ ಬರೆದಿರುವುದು ಅದಕ್ಕೇ. ಗಾಣದವರು ಕಿಲೋಗೆ 220 ರೂಪಾಯಿ ಹೇಳಿ, ಅಂಗಡಿಯವರು ಲೀಟರಿಗೆ 210 ಹೇಳಿದರೆ ಅಂಗಡಿಯದು ಅಗ್ಗ ಅನಿಸುತ್ತದೆ. 210ನ್ನು 0.91ರಿಂದ ಭಾಗಿಸಿ: ಕಿಲೋಗೆ 230 ದಾಟುತ್ತದೆ. (ದರಗಳನ್ನು ಲೆಕ್ಕಕ್ಕೆಂದು ಇಟ್ಟುಕೊಂಡಿದ್ದೇನೆ.)

ಡೇರಿಯಲ್ಲಿ ಹಾಲಿನೊಳಗೆ ಬಿಡುವ ಲ್ಯಾಕ್ಟೋಮೀಟರ್ ನೀರು ಬೆರೆತದ್ದನ್ನು ಹೇಗೆ ಹಿಡಿಯುತ್ತದೆ?

ಅದು ನೀರನ್ನು ಹಿಡಿಯುವುದಿಲ್ಲ, ಸಾಂದ್ರತೆಯನ್ನು ಹೇಳುತ್ತದೆ. ಇಷ್ಟೇ ವ್ಯತ್ಯಾಸದೊಳಗೆ ಬಹಳ ಸಂಗತಿ ಇದೆ.

ಬುಡದಲ್ಲಿ ಭಾರದ ಗುಂಡು, ಮೇಲೆ ಸಣ್ಣ ಕೊರಳು ಇರುವ ಗಾಜಿನ ಕೊಳವೆ ಅದು. ಹಾಲು ಸಾಂದ್ರವಾಗಿದ್ದರೆ ಕೊರಳು ಹೆಚ್ಚು ಹೊರಗೆ ನಿಲ್ಲುತ್ತದೆ, ತೆಳುವಾಗಿದ್ದರೆ ಮುಳುಗುತ್ತದೆ. 30 ಎಂದು ತೋರಿಸಿದರೆ ಸಾಂದ್ರತೆ 1.030. ಒಳ್ಳೆಯ ಹಸುವಿನ ಹಾಲು ಸಾಮಾನ್ಯವಾಗಿ 28ರಿಂದ 32ರ ನಡುವೆ ಇರುತ್ತದೆ. 30 ಇದ್ದ ಹಾಲಿನಲ್ಲಿ ಹತ್ತನೇ ಒಂದು ಪಾಲು ನೀರು ಸೇರಿದರೆ 27ಕ್ಕೆ ಇಳಿಯುತ್ತದೆ.

ಈಗ ಎಮ್ಮೆ ಇದ್ದ ಮನೆಯ ಹುಡುಗಿ ಕೇಳಿದ ಪ್ರಶ್ನೆ: ‘ಸರ, ಎಮ್ಮಿ ಹಾಲಾಗ ಕೆನಿ ಜಾಸ್ತಿ, ಕೆನಿ ತೇಲತದ, ಹಂಗಾದ್ರ ಎಮ್ಮಿ ಹಾಲು ಕಡಿಮಿ ತೋರಸಬೇಕಲ್ರಿ?’ ಆ ಪ್ರಶ್ನೆಗೆ ನಾನು ಮನಸಾರೆ ಶಹಬ್ಬಾಸ್ ಅಂದೆ. ಕೊಬ್ಬಿನ ಸಾಂದ್ರತೆ 0.93, ನೀರಿಗಿಂತ ಕಡಿಮೆ. ಪ್ರೋಟೀನು, ಸಕ್ಕರೆ, ಲವಣಗಳದು ನೀರಿಗಿಂತ ಬಹಳ ಹೆಚ್ಚು. ಹಾಲಿನಲ್ಲಿ ಒಂದು ಮೇಲಕ್ಕೆ ಎಳೆಯುತ್ತದೆ, ಒಂದು ಕೆಳಕ್ಕೆ. ನಮ್ಮ ಧಾರವಾಡಿ ಎಮ್ಮೆಯೇ ಆಗಲಿ ಬೇರೆ ಎಮ್ಮೆಯೇ ಆಗಲಿ, ಹಾಲಿನಲ್ಲಿ ಕೊಬ್ಬು ಹೆಚ್ಚಿದ್ದರೂ ಉಳಿದ ಘನಾಂಶವೂ ಹೆಚ್ಚು. ಹೀಗಾಗಿ ಅಂಕಿ ಹೆಚ್ಚುಕಡಿಮೆ ಸಮ ಬರುತ್ತದೆ.

ಲ್ಯಾಕ್ಟೋಮೀಟರ್ ಒಂದನ್ನೇ ನಂಬಬಾರದು ಎನ್ನುವುದಕ್ಕೂ ಇದೇ ಕಾರಣ. ಹಾಲಿನಿಂದ ಕೆನೆ ತೆಗೆದರೆ ಹಗುರವಾದದ್ದು ಹೋಯಿತು, ಸಾಂದ್ರತೆ 1.035ಕ್ಕೆ ಏರುತ್ತದೆ. ಅಂಥ ಆರು ಲೀಟರಿಗೆ ಒಂದು ಲೀಟರ್ ನೀರು ಬೆರೆಸಿದರೆ ಮತ್ತೆ 1.030, ಅಂದರೆ ಕೆನೆಯೂ ಹೋಗಿದೆ, ನೀರೂ ಸೇರಿದೆ, ಆದರೂ ಅಳತೆಯಲ್ಲಿ ಹಾಲು ಒಳ್ಳೆಯದು. ಡೇರಿಯವರು ಫ್ಯಾಟ್ ಎಷ್ಟಿದೆ ಎಂದು ಬೇರೆಯಾಗಿ ಅಳೆಯುವುದು ಇದಕ್ಕೇ. ಮನೆಯಲ್ಲಿ ಲ್ಯಾಕ್ಟೋಮೀಟರ್ ಇಟ್ಟುಕೊಂಡವರು ಇನ್ನೊಂದು ಗಮನಿಸಿ, ಕರೆದ ಕೂಡಲೇ ನೊರೆ ಇರುವಾಗ ಅಳೆಯಬೇಡಿ. ಗುಳ್ಳೆಗಳ ಗಾಳಿ ಸೇರಿ ಅಂಕಿ ಕಡಿಮೆ ಬರುತ್ತದೆ, ಹಾಲು ಹಾಕಿದವರ ಮೇಲೆ ಸುಮ್ಮನೆ ಅನುಮಾನ ಬರುತ್ತದೆ.

ಉಸುಕನ್ನು ಬ್ರಾಸ್ ಲೆಕ್ಕದಲ್ಲಿ ಕೊಳ್ಳುವುದು ಸರಿಯೋ, ಟನ್ ಲೆಕ್ಕದಲ್ಲೋ?

ಇದರಲ್ಲಿ ನಾನೇ ನಷ್ಟ ಅನುಭವಿಸಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಮನೆ ಕಟ್ಟಿಸುವಾಗ ಮಳೆಗಾಲದ ಮೊದಲ ವಾರ ಎರಡು ಬ್ರಾಸ್ ಉಸುಕು ಹಾಕಿಸಿದೆ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಟೇಪು ಹಿಡಿದು ಟಿಪ್ಪರಿನ ಉದ್ದ, ಅಗಲ, ಎತ್ತರ ಅಳೆದೆ. ಸರಿಯಾಗಿ 200 ಬಂತು. ಹದಿನೈದು ದಿನ ಬಿಸಿಲು ಬಿದ್ದ ಮೇಲೆ ಗೌಂಡಿ ಬಂದು ‘ಇಷ್ಟಕ್ಕ ಸಾಲಂಗಿಲ್ರಿ’ ಅಂದರು. ಗುಡ್ಡೆಯನ್ನು ಮತ್ತೆ ಅಳೆದೆವು, 160 ಚಿಲ್ಲರೆ ಘನ ಅಡಿ. ಯಾರೂ ಕದ್ದಿರಲಿಲ್ಲ.

ಉಸುಕು ಅರೆಹಸಿ ಇದ್ದಾಗ ಪ್ರತಿ ಕಣದ ಸುತ್ತ ತೆಳುವಾದ ನೀರಿನ ಪೊರೆ ಕೂಡುತ್ತದೆ. ಆ ಪೊರೆಗಳು ಕಣಗಳನ್ನು ಒಂದಕ್ಕೊಂದು ಒತ್ತಿಕೊಳ್ಳಲು ಬಿಡುವುದಿಲ್ಲ, ನಡುವೆ ಪೊಳ್ಳು ಹೆಚ್ಚುತ್ತದೆ. ನೀರಿನ ಪಾಲು ಶೇ 5ರಿಂದ 8 ಇದ್ದಾಗ ರಾಶಿ ಶೇ 20ರಿಂದ 30ರಷ್ಟು ಉಬ್ಬಬಹುದು. ಉಸುಕು ಸಣ್ಣದಿದ್ದಷ್ಟೂ ಉಬ್ಬು ಹೆಚ್ಚು. ವಿಚಿತ್ರವೆಂದರೆ ಪೂರ್ತಿ ನೆನೆಸಿಬಿಟ್ಟರೆ ಪೊರೆ ಒಡೆದು, ಉಸುಕು ಒಣಗಿದ್ದಾಗ ಎಷ್ಟಿತ್ತೋ ಅಷ್ಟಕ್ಕೇ ಇಳಿದು ಕೂಡುತ್ತದೆ.

ಲೆಕ್ಕ ನೋಡಿ. ಒಣ ಉಸುಕಿನ ರಾಶಿಯ ಸಾಂದ್ರತೆ 1.6 ಎಂದು ಹಿಡಿದರೆ ಒಂದು ಬ್ರಾಸಿನಲ್ಲಿ ಸುಮಾರು 4.5 ಟನ್ ಉಸುಕು. ಶೇ 25 ಉಬ್ಬಿದ ಉಸುಕಿನ ಒಂದು ಬ್ರಾಸಿನಲ್ಲಿ ನಿಜವಾದ ಉಸುಕು 3.6 ಟನ್ ಮಾತ್ರ. ಅದೇ ಹಸಿ ಉಸುಕನ್ನು ತೂಕದಲ್ಲಿ ಕೊಂಡಿದ್ದರೆ ನೀರಿನ ತೂಕವಾಗಿ ಹೋಗುತ್ತಿದ್ದದ್ದು ಶೇ 5ರಿಂದ 8. ಆದ್ದರಿಂದ ಹಸಿ ಉಸುಕನ್ನು ಟನ್ ಲೆಕ್ಕದಲ್ಲೇ ಕೊಳ್ಳಿ. ಬ್ರಾಸಿನಲ್ಲಿ ಕೊಳ್ಳಲೇಬೇಕಾದರೆ ಬಕೆಟ್ ಪರೀಕ್ಷೆ ಮಾಡಿ: ನೆಟ್ಟಗಿನ ಡಬ್ಬಿಯಲ್ಲಿ 10 ಇಂಚು ಎತ್ತರಕ್ಕೆ ಹಸಿ ಉಸುಕು ತುಂಬಿ, ಬೇರೆ ಪಾತ್ರೆಗೆ ಸುರಿದು, ಡಬ್ಬಿಯಲ್ಲಿ ಅರ್ಧ ನೀರು ಹಾಕಿ, ಅದೇ ಉಸುಕನ್ನು ಮತ್ತೆ ಹಾಕುತ್ತ ಕಲಸಿ. ಕೂತ ಮೇಲೆ 8 ಇಂಚು ಬಂದರೆ ಶೇ 25 ಉಬ್ಬಿತ್ತು ಎಂದರ್ಥ. ಕಾಂಕ್ರೀಟ್ ಕಲಸುವಾಗ ಬುಟ್ಟಿ ಲೆಕ್ಕದಲ್ಲಿ ಉಸುಕು ಹಾಕುವವರೂ ಇದನ್ನು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಸಿಮೆಂಟಿನ ಪಾಲು ಒಂದಾದರೆ ಉಸುಕಿನ ಪಾಲು ಎರಡು ಇರುವುದೇ ಇಲ್ಲ.

ಕಬ್ಬಿಣದ ಸಾಂದ್ರತೆಯನ್ನು ಒಮ್ಮೆ 7.9, ಒಮ್ಮೆ 7900 ಎಂದು ಬರೆಯುತ್ತಾರೆ. ಯಾವುದು ಸರಿ?

ಎರಡೂ. ಮೊದಲನೆಯದು ಘನ ಸೆಂಟಿಮೀಟರಿಗೆ ಗ್ರಾಂ, ಎರಡನೆಯದು ಘನ ಮೀಟರಿಗೆ ಕಿಲೋಗ್ರಾಂ. ಮಾಳಿಗೆ ಮೇಲಿನ 1000 ಲೀಟರ್ ಟಾಕಿಯನ್ನು ನೆನಪಿಟ್ಟುಕೊಳ್ಳಿ. ಅದು ಒಂದು ಘನ ಮೀಟರ್, ತುಂಬಿದಾಗ ನೀರಿನ ತೂಕ 1000 ಕಿಲೋ, ಒಂದು ಟನ್. ನೀರಿಗೆ 1 ಅಂದರೂ 1000 ಅಂದರೂ ಒಂದೇ. ಸಾಪೇಕ್ಷ ಸಾಂದ್ರತೆ ಕೇಳಿದರೆ ನೀರಿನ ಎಷ್ಟು ಪಟ್ಟು ಎಂದು ಹೇಳಿದರೆ ಸಾಕು, ಅದಕ್ಕೆ ಮಾನ (ಯೂನಿಟ್) ಇಲ್ಲ. ಮಕ್ಕಳೇ, ಪರೀಕ್ಷೆಯಲ್ಲಿ ಮಾನ ಬರೆಯದೆ ಬಿಟ್ಟರೆ ಅಂಕ ಹೋಗುತ್ತದೆ; ಸಾಪೇಕ್ಷ ಸಾಂದ್ರತೆಗೆ ಬರೆದರೂ ಹೋಗುತ್ತದೆ.

ಪೆಟ್ರೋಲ್ ಪಂಪಿನಲ್ಲಿ ‘ಡೆನ್ಸಿಟಿ’ ಎಂದು ಬರೆದಿರುವುದು ಯಾಕೆ?

ಕಲಬೆರಕೆಯನ್ನು ಗ್ರಾಹಕರೂ ಪರೀಕ್ಷಿಸಲಿ ಎಂದು. ಪೆಟ್ರೋಲಿನದು ಘನ ಮೀಟರಿಗೆ 720ರಿಂದ 775 ಕಿಲೋ, ಡೀಸೆಲಿನದು 820-845ರ ಆಸುಪಾಸು. ಬರೆದ ಅಂಕಿ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಸಂಬಂಧಿಸಿದ್ದು. ನೀವು ಕೇಳಿದರೆ ಅವರು 500 ಮಿ.ಲೀ. ಜಾರು, ಹೈಡ್ರೋಮೀಟರು (ಲ್ಯಾಕ್ಟೋಮೀಟರಿನ ಹಾಗೆಯೇ ತೇಲಿ ಸಾಂದ್ರತೆ ಹೇಳುವ ಕೊಳವೆ), ಥರ್ಮಾಮೀಟರು ತಂದು ಅಳೆದು ತೋರಿಸಬೇಕು; ಕೇಳುವುದು ನಿಮ್ಮ ಹಕ್ಕು. ಆದರೆ ಜಾರಿನಲ್ಲಿ ಕಂಡ ಅಂಕಿಯನ್ನು ಬೋರ್ಡಿನ ಅಂಕಿಗೆ ನೇರ ಹೋಲಿಸಬಾರದು. ನಮ್ಮ ಏಪ್ರಿಲ್ ಬಿಸಿಲಿಗೆ ಪೆಟ್ರೋಲ್ ಹಿಗ್ಗಿರುತ್ತದೆ, 15 ಡಿಗ್ರಿಯಲ್ಲಿ 740 ಇದ್ದದ್ದು 35 ಡಿಗ್ರಿಯಲ್ಲಿ 723ರ ಸುಮಾರು ಬರುತ್ತದೆ. ಅವರ ಬಳಿ ಇರುವ ಕೋಷ್ಟಕ ನೋಡಿ 15 ಡಿಗ್ರಿಗೆ ತಂದುಕೊಂಡ ಮೇಲೆ, ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಪ್ರಶ್ನೆ ಮಾಡಿ.

ಬೇರೆಲ್ಲ ಘನವಾದಾಗ ಮುಳುಗುತ್ತವೆ. ಮಂಜುಗಡ್ಡೆ ಯಾಕೆ ತೇಲುತ್ತದೆ?

ಹೆಪ್ಪುಗಟ್ಟಿದ ತುಪ್ಪದ ತುಣುಕು ಕರಗಿದ ತುಪ್ಪದಲ್ಲಿ ತಳಕ್ಕೆ ಹೋಗುತ್ತದೆ, ಅದೇ ಸಾಮಾನ್ಯ ರೀತಿ. ನೀರು ಹಾಗಲ್ಲ. 4 ಡಿಗ್ರಿವರೆಗೆ ತಣ್ಣಗಾಗುತ್ತ ಕುಗ್ಗಿ, ಅಲ್ಲಿಂದ ಕೆಳಗೆ ಹಿಗ್ಗಲು ಶುರುಮಾಡುತ್ತದೆ. ಗಟ್ಟಿಯಾಗುವಾಗ ಅದರ ಅಣುಗಳು ನಡುವೆ ಜಾಗ ಬಿಟ್ಟು ಜೋಡಿಸಿಕೊಳ್ಳುವುದರಿಂದ ಗಾತ್ರ ಶೇ 9ರಷ್ಟು ಹೆಚ್ಚಿ, ಸಾಂದ್ರತೆ 0.917ಕ್ಕೆ ಇಳಿಯುತ್ತದೆ. ಫ್ರೀಜರಿನಲ್ಲಿ ತುಂಬಿಟ್ಟ ಗಾಜಿನ ಬಾಟಲಿ ಒಡೆಯುವುದು ಇದರಿಂದ.

ಕಬ್ಬಿಣದ ಮೊಳೆ ಮುಳುಗುತ್ತದೆ, ಹಡಗು ತೇಲುತ್ತದೆ. ಇದು ಹೇಗೆ?

ಹಡಗು ನೋಡದ ಮಕ್ಕಳಿಗೆ ನಾನು ತಾಮ್ರದ ಕೊಡ ತೋರಿಸುತ್ತೇನೆ. ತಾಮ್ರದ ಸಾಂದ್ರತೆ ಸುಮಾರು 9, ಆದರೂ ಖಾಲಿ ಕೊಡ ಬಾವಿಯಲ್ಲಿ ತೇಲುತ್ತದೆ. ಹಗ್ಗ ಜಗ್ಗಿ ಕೊಡವನ್ನು ಬಾಗಿಸಿದಾಗ ಗುಳುಗುಳು ಎಂದು ನೀರು ನುಗ್ಗಿ, ಗಾಳಿ ಹೊರಬಂದು, ಕೊಡ ಇಳಿಯುತ್ತದೆ. ತೇಲುವಾಗ ಲೆಕ್ಕಕ್ಕೆ ಬಂದದ್ದು ತಾಮ್ರ ಮತ್ತು ಒಳಗಿನ ಗಾಳಿ ಕೂಡಿದ್ದರ ಸಾಂದ್ರತೆ. ಅದು ನೀರಿಗಿಂತ ಕಡಿಮೆ. ಹಡಗೂ ಅಷ್ಟೇ. ಉಣಕಲ್ ಕೆರೆಯನ್ನು ಮುಚ್ಚುವ ಅಂತರಗಂಗೆಯ ಒಂದು ಉಬ್ಬಿದ ತೊಟ್ಟನ್ನು ಸೀಳಿ ನೋಡಿ, ಒಳಗೆ ಸ್ಪಂಜಿನ ಹಾಗೆ ಗಾಳಿಯ ಕೋಣೆಗಳಿವೆ.

ಬಿತ್ತುವ ಮುಂಚೆ ಭತ್ತದ ಬೀಜವನ್ನು ಉಪ್ಪು ನೀರಿಗೆ ಯಾಕೆ ಹಾಕುತ್ತಾರೆ?

ಗಟ್ಟಿ ಕಾಳನ್ನೂ ಜಳ್ಳನ್ನೂ ಬೇರೆ ಮಾಡಲು. ಬರೀ ನೀರಿನಲ್ಲಿ ಪೂರ್ತಿ ಜಳ್ಳು ಮಾತ್ರ ತೇಲುತ್ತದೆ, ಅರೆಬರೆ ತುಂಬಿದ ಕಾಳು ಮುಳುಗಿಬಿಡುತ್ತದೆ. ಉಪ್ಪು ಕರಗಿಸಿ ನೀರಿನ ಸಾಂದ್ರತೆ ಏರಿಸಿದರೆ ಅರೆಕಾಳೂ ಮೇಲೆ ಬರುತ್ತದೆ. ಎಷ್ಟು ಉಪ್ಪು? ಅದಕ್ಕೆ ಮೀಟರು ಬೇಕಿಲ್ಲ, ತಾಜಾ ಕೋಳಿಮೊಟ್ಟೆ ಸಾಕು. ಬರೀ ನೀರಿನಲ್ಲಿ ತಳದಲ್ಲಿರುವ ಮೊಟ್ಟೆ, ಉಪ್ಪು ಸಾಕಾದಾಗ ಮೇಲೆ ಬಂದು ಒಂದು ನಾಣ್ಯದಷ್ಟು ಅಗಲ ಹೊರಗೆ ತೋರಿಸುತ್ತದೆ. ಹಾನಗಲ್ಲ ಕಡೆಯ ಮಕ್ಕಳು ಇದನ್ನು ಮನೆಯಲ್ಲಿ ಮಾಡಿ ನೋಡಬಹುದು. ಮುಳುಗಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು-ಮೂರು ಸಲ ತೊಳೆಯುವುದನ್ನು ಮರೆಯಬಾರದು, ಉಪ್ಪು ಉಳಿದರೆ ಮೊಳಕೆಗೆ ಕೇಡು. ಹಳೆಯ ಮೊಟ್ಟೆ ಬಳಸಬೇಡಿ. ದಿನ ಕಳೆದಂತೆ ಚಿಪ್ಪಿನ ರಂಧ್ರಗಳಿಂದ ಒಳಗಿನ ತೇವ ಆರಿ, ಗಾಳಿಕೋಣೆ ದೊಡ್ಡದಾಗಿ, ಅದು ಬರೀ ನೀರಿನಲ್ಲೇ ತೇಲತೊಡಗುತ್ತದೆ.

ಗಾಳಿಗೂ ಸಾಂದ್ರತೆ ಇದೆಯೇ?

ಇದೆ. ಸಮುದ್ರಮಟ್ಟದಲ್ಲಿ ಘನ ಮೀಟರಿಗೆ ಸುಮಾರು 1.2 ಕಿಲೋ. ಹುಬ್ಬಳ್ಳಿ-ಧಾರವಾಡ ಸುಮಾರು 700 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 1.1ರ ಹತ್ತಿರ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ 30 ಕಿಲೋ ಗಾಳಿ ಇದೆ.

ಇದು ಅಡುಗೆಮನೆಯಲ್ಲಿ ಜೀವದ ವಿಷಯವೂ ಹೌದು. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಸಾಂದ್ರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡುತ್ತದೆ, ಕಟ್ಟೆಯ ಕೆಳಗೆ, ಮೋರಿಯ ಬಾಯಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿ ಒಂದನ್ನೇ ತೆರೆದರೆ ಸಾಲದು, ಬಾಗಿಲು ತೆರೆಯಿರಿ. ರೆಗ್ಯುಲೇಟರ್ ಬಂದ್ ಮಾಡಿ. ದೀಪದ, ಫ್ಯಾನಿನ ಸ್ವಿಚ್ಚು ಮುಟ್ಟಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಸಾಂದ್ರತೆ ನೋಡಿ ಬಂಗಾರದ ಅಸಲಿತನ ಹೇಳಬಹುದೇ?

ಅರ್ಧ ಹೇಳಬಹುದು. ಸಿರಾಕ್ಯೂಸ್‌ನ ಆರ್ಕಿಮಿಡೀಸ್ ರಾಜನ ಕಿರೀಟ ಪರೀಕ್ಷಿಸಿದ ಕತೆ ಎಲ್ಲರಿಗೂ ಗೊತ್ತು. ಅವನು ಕ್ರಿಸ್ತಪೂರ್ವ ಮೂರನೇ ಶತಮಾನದವನು, ಕತೆಯನ್ನು ಬರೆದಿಟ್ಟದ್ದು ಅವನು ಹೋಗಿ ಎರಡು ಶತಮಾನದ ಮೇಲೆ ರೋಮಿನ ವಿಟ್ರುವಿಯಸ್. 22 ಕ್ಯಾರಟ್ ಬಂಗಾರದ ಸಾಂದ್ರತೆ 17.7-17.8ರ ಆಸುಪಾಸು. 20 ಗ್ರಾಂ ಬಿಲ್ವಾರ ಹೊರತಳ್ಳಬೇಕಾದ ನೀರು 1.1 ಘನ ಸೆಂಟಿಮೀಟರಿನಷ್ಟು. ಬಂಗಾರದ ನೀರು ಕೊಟ್ಟ ತಾಮ್ರವಾಗಿದ್ದರೆ ಅದರ ಎರಡು ಪಟ್ಟು.

ಆದರೆ ಅಂಕಿ ಸರಿ ಬಂದ ಮಾತ್ರಕ್ಕೆ ನೆಚ್ಚಬೇಡಿ. ಟಂಗ್‌ಸ್ಟನ್ ಲೋಹದ ಸಾಂದ್ರತೆ 19.25, ಚಿನ್ನದ್ದು 19.3. ಒಳಗೆ ಅದನ್ನಿಟ್ಟು ಮೇಲೆ ಚಿನ್ನ ಹೊದಿಸಿದ ಗಟ್ಟಿಯನ್ನು ಈ ಪರೀಕ್ಷೆ ಗುರುತಿಸದು. ಅರಗು ತುಂಬಿದ ಗುಂಡು, ಹರಳು ಕೂಡಿಸಿದ ಬೆಂಡೋಲೆಗಳಿಗೂ ಇದು ನಡೆಯುವುದಿಲ್ಲ. ಅಲ್ಲಿ ಅಳೆದದ್ದು ಬಂಗಾರದ್ದಲ್ಲ, ಬಂಗಾರ-ಅರಗು ಕೂಡಿದ್ದರ ಸಾಂದ್ರತೆ. ಒರೆಗಲ್ಲು ಹಿಡಿದ ಪತ್ತಾರರನ್ನೋ, ಹಾಲ್‌ಮಾರ್ಕ್ ಕೇಂದ್ರವನ್ನೋ ಕೇಳಿ.

ಅತಿ ಹೆಚ್ಚು ಸಾಂದ್ರತೆಯ ಲೋಹ ಯಾವುದು?

ಆಸ್ಮಿಯಂ, 22.6. ಒಂದು ಲೀಟರ್ ಹಾಲಿನ ಕ್ಯಾನಿನಷ್ಟಕ್ಕೆ ಇಪ್ಪತ್ತೆರಡೂವರೆ ಕಿಲೋ. ಅತಿ ಕಡಿಮೆ ಲಿಥಿಯಂ, 0.53, ಅದು ಎಣ್ಣೆಯ ಮೇಲೂ ತೇಲುತ್ತದೆ.

ಕಪ್ಪತಗುಡ್ಡದಲ್ಲಿ ಎತ್ತಿದ ಕೆಲವು ಕಲ್ಲು ಕೈಗೆ ಅಷ್ಟು ಭಾರ ಯಾಕೆ?

ಅವುಗಳಲ್ಲಿ ಕಬ್ಬಿಣದ ಅದಿರಿನ ಪಟ್ಟೆಗಳಿವೆ. ಬಿಳಿ ಪಟ್ಟೆ ಬೆಣಚು, ಸಾಂದ್ರತೆ 2.65, ಕೆಂಪು-ಕಪ್ಪು ಪಟ್ಟೆ ಹೆಮಟೈಟ್, 5ರ ಮೇಲೆ. ಈ ಜಾತಿಯ ಹಳೆಯ ಶಿಲೆಗಳಿಗೆ 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಧಾರವಾಡದ ಹೆಸರನ್ನೇ ಇಟ್ಟರು, ಇಂದಿಗೂ ಜಗತ್ತು ಅದೇ ಹೆಸರಿನಿಂದ ಕರೆಯುತ್ತದೆ. ಸುತ್ತಲಿನ ಗ್ರಾನೈಟ್ ಜಾತಿಯ ಕಲ್ಲು 2.65-2.7 ಆದರೆ ಧಾರವಾಡ ಶಿಲೆಗಳು ಹಲವು ಕಡೆ 2.8ರಿಂದ 3. ಅಂಥ ಪಟ್ಟಿಯ ಮೇಲೆ ಗುರುತ್ವ ಅಳೆಯುವ ಸೂಕ್ಷ್ಮ ಉಪಕರಣ ಇಟ್ಟರೆ ಸೆಳೆತ ಕೂದಲೆಳೆಯಷ್ಟು ಹೆಚ್ಚು ತೋರಿಸುತ್ತದೆ. ನೆಲ ಅಗೆಯದೆ ಕೆಳಗಿನದನ್ನು ಊಹಿಸುವ ದಾರಿ ಅದು.

ಇಡೀ ಭೂಮಿಯನ್ನೂ ಹೀಗೆಯೇ ತೂಗಿದ್ದಾರೆ. 1798ರಲ್ಲಿ ಹೆನ್ರಿ ಕ್ಯಾವೆಂಡಿಶ್ ಸೀಸದ ಗುಂಡುಗಳ ನಡುವಿನ ಸೆಳೆತ ಅಳೆದು, ಭೂಮಿಯ ಸರಾಸರಿ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂದು ಕಂಡುಕೊಂಡರು. ಈಗಿನ ಅಂಕಿ 5.51. ನಮ್ಮ ಕಾಲ ಕೆಳಗಿನ ಬಹುಪಾಲು ಕಲ್ಲು ಮೂರನ್ನು ದಾಟುವುದಿಲ್ಲ, ಸರಾಸರಿ ಐದೂವರೆ. ಹಾಗಾದರೆ ಆಳದಲ್ಲಿ ಬಹಳ ಸಾಂದ್ರವಾದದ್ದು ಇರಲೇಬೇಕು. ಭೂಮಿಯ ತಿರುಳು ಬಹುಪಾಲು ಕಬ್ಬಿಣ ಎಂಬ ತಿಳಿವಳಿಕೆಗೆ ಇದೂ ಒಂದು ಬುನಾದಿ.

ಅಂಕುಡೊಂಕು ವಸ್ತುವಿನ ಸಾಂದ್ರತೆ ಮನೆಯಲ್ಲಿ ಅಳೆಯುವುದು ಹೇಗೆ?

ಅಳತೆಯ ಜಾರಿನಲ್ಲಿ ಮುಳುಗಿಸಿ ನೀರು ಎಷ್ಟು ಏರಿತು ಎಂದು ನೋಡುವುದು ಪಾಠದ ವಿಧಾನ. ಮನೆಯಲ್ಲಿ ಅಷ್ಟು ಸಣ್ಣ ಗೆರೆಯ ಜಾರು ಇರುವುದಿಲ್ಲ. ನಾನು ಹೇಳಿಕೊಡುವುದು ತಕ್ಕಡಿಯ ವಿಧಾನ.

ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ಮೊದಲೇ ತೂಗಿಟ್ಟುಕೊಂಡ ವಸ್ತುವನ್ನು ದಾರಕ್ಕೆ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ಆದರೆ ತಳಕ್ಕೂ ಬದಿಗೂ ತಾಗದ ಹಾಗೆ ಕೈಯಲ್ಲಿ ಹಿಡಿಯಿರಿ. ಈಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ವಸ್ತುವಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ನೀರು ವಸ್ತುವನ್ನು ಮೇಲಕ್ಕೆ ಎಷ್ಟು ದೂಡುತ್ತದೋ ವಸ್ತು ನೀರನ್ನು ಅಷ್ಟೇ ಕೆಳಕ್ಕೆ ಒತ್ತುತ್ತದೆ, ತಕ್ಕಡಿ ಓದುವುದು ಆ ಒತ್ತನ್ನು.

ಕಳೆದ ವರ್ಷ ಒಬ್ಬ ಹುಡುಗ ಅಜ್ಜಿಯ ತಂಬಿಗೆ ತಂದಿದ್ದ. ಹಿತ್ತಾಳೆಯೋ, ಬೇರೆ ಏನಾದರೋ ಎಂದು ಮನೆಯಲ್ಲಿ ಚರ್ಚೆಯಂತೆ. ತೂಕ 640 ಗ್ರಾಂ. ಮುಳುಗಿಸಿದಾಗ ತಕ್ಕಡಿ 92 ತೋರಿಸಿತು. ಭಾಗಿಸಿದರೆ 7ಕ್ಕೂ ತುಸು ಕಡಿಮೆ, ಹಿತ್ತಾಳೆಗೆ ಬರಬೇಕಾದದ್ದು 8.4ರಿಂದ 8.7. ಹುಡುಗನ ಮುಖ ಸಣ್ಣದಾಯಿತು. ತಂಬಿಗೆಯ ಕಂಠದ ಒಳಮಡಿಕೆಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು ಎಂದು ಅವನೇ ಯೋಚಿಸಿ, ನೀರೊಳಗೆಯೇ ಅದನ್ನು ನಿಧಾನವಾಗಿ ಒಂದು ಸುತ್ತು ಹೊರಳಿಸಿದ. ದೊಡ್ಡದೊಂದು ಗುಳ್ಳೆ, ಅದರ ಹಿಂದೆ ನಾಲ್ಕಾರು ಸಣ್ಣವು ಮೇಲೆ ಬಂದವು. ತಕ್ಕಡಿ 75ಕ್ಕೆ ನಿಂತಿತು. 640 ಭಾಗಿಸು 75, ಎಂಟೂವರೆ.